‘ನಿಲ್ಲು’, ‘ನಿಲ್ಲಿಸು’, ‘ಗೆಲ್ಲಿಸು’: ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಸ್ಥಳೀಯ ಉಮೇದುವಾರಿಕೆಯಲ್ಲಿ ಭಾಷೆ ಮತ್ತು ಸಮಾಜ

1. ಪ್ರವೇಶ

ಸ್ಥಳೀಯ ಸಂಸ್ಥೆಗಳ ಚುನಾವಣೆಯ ಅಧ್ಯಯನ ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳಿಗೆ ಸೇರಿದ್ದೆಂಬ ಭಾವನೆ ಸಾಮಾನ್ಯವಾಗಿದೆ. ಮೀಸಲಾತಿಯ ಪ್ರಮಾಣ, ಅಧಿಕಾರ ವಿಕೇಂದ್ರೀಕರಣ, ಅನುದಾನದ ಹಂಚಿಕೆ ಮೊದಲಾದ ವಿಷಯಗಳು ಆ ಶಿಸ್ತುಗಳಲ್ಲಿ ವಿಪುಲವಾಗಿ ಚರ್ಚೆಗೊಳಗಾಗಿವೆ. ಆದರೆ ಒಂದು ಸಣ್ಣ ಊರಿನಲ್ಲಿ ಒಬ್ಬ ವ್ಯಕ್ತಿ ಪಂಚಾಯತಿಗೆ ಸ್ಪರ್ಧಿಸುವುದು ಮೊದಲು ಭಾಷೆಯಲ್ಲಿ ನಡೆಯುವ ಕ್ರಿಯೆ. ಆತ ತಾನೇ ನಿಂತನೇ, ಅವನನ್ನು ಯಾರಾದರೂ ನಿಲ್ಲಿಸಿದರೇ ಎಂಬ ವ್ಯತ್ಯಾಸವನ್ನು ನಾಮಪತ್ರ ದಾಖಲಿಸುವುದಿಲ್ಲ. ಊರಿನ ಆಡುಮಾತು ದಾಖಲಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳನ್ನು ಲಕ್ಷ್ಯದಲ್ಲಿರಿಸಿಕೊಂಡು ಉಮೇದುವಾರಿಕೆಗೆ ಸಂಬಂಧಿಸಿದ ಪದಗಳು, ಕ್ರಿಯಾರೂಪಗಳು ಹಾಗೂ ಹೆಸರಿಡುವ ಕ್ರಮಗಳನ್ನು ಪರಿಶೀಲಿಸುವುದು, ಅವುಗಳ ಮೂಲಕ ಪ್ರಾತಿನಿಧ್ಯದ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಮೂರು ತಾಲೂಕುಗಳ ಆಯ್ಕೆಗೆ ಕಾರಣವಿದೆ. ಕಡಲು ಮತ್ತು ಘಟ್ಟದ ನಡುವಿನ ಇಕ್ಕಟ್ಟಾದ ಈ ಪಟ್ಟಿಯಲ್ಲಿ ನಾಮಧಾರಿ, ಹಾಲಕ್ಕಿ ಒಕ್ಕಲಿಗ, ಗ್ರಾಮ ಒಕ್ಕಲಿಗ, ಹವ್ಯಕ, ಮೊಗೇರ, ಖಾರ್ವಿ, ಹರಿಕಂತ್ರ, ಅಂಬಿಗ, ಪಟಗಾರ, ದೇವಾಡಿಗ, ಗೊಂಡ, ಮುಕ್ರಿ, ಗೌಡ ಸಾರಸ್ವತ, ಕ್ರೈಸ್ತ, ನವಾಯತ ಮುಂತಾದ ಸಮುದಾಯಗಳು ಒಂದೇ ಪಂಚಾಯತಿಯ ಮೇರೆಯೊಳಗೆ ಬದುಕುತ್ತಿವೆ. ಕನ್ನಡದ ಹಲವು ಉಪಭಾಷೆಗಳೊಂದಿಗೆ ಕೊಂಕಣಿ, ಉರ್ದು ಮತ್ತು ನವಾಯತಿಗಳು ಬಳಕೆಯಲ್ಲಿವೆ. ಆದ್ದರಿಂದ ಇಲ್ಲಿ ಮತ ಕೇಳುವುದೆಂದರೆ ಭಾಷೆಯಿಂದ ಭಾಷೆಗೆ ದಾಟುವುದೂ ಆಗಿದೆ.

2. ಹಿನ್ನೆಲೆ: ಕೇರಿಯಿಂದ ಕಾಯ್ದೆಯವರೆಗೆ

ಸ್ಥಳೀಯ ಕೂಟಗಳು ಈ ಕರಾವಳಿಗೆ ಹೊಸತಲ್ಲ. ಕರಾವಳಿಯ ಮಧ್ಯಕಾಲೀನ ಶಾಸನಗಳಲ್ಲಿ ‘ಕೇರಿ’, ‘ಹಲರು’, ‘ನಕರ’, ‘ಸೆಟ್ಟಿಕಾರ’, ‘ಹಂಜಮಾನ’ ಮೊದಲಾದ ಸಾಮೂಹಿಕ ಸಂಸ್ಥೆಗಳ ಉಲ್ಲೇಖಗಳು ಬರುತ್ತವೆ. ‘ಹಲರು’ ಎಂಬ ಪದದ ಅರ್ಥವೇ ‘ಹಲವರು’ ಎಂದು. ‘ಹಂಜಮಾನ’ವನ್ನು ವಿದ್ವಾಂಸರು ‘ಅಂಜುಮನ್’ ಪದದೊಂದಿಗೆ ಜೋಡಿಸಿ, ಕಡಲವ್ಯಾಪಾರದ ಮುಸ್ಲಿಂ ವರ್ತಕರ ಕೂಟವೆಂದು ಗುರುತಿಸಿದ್ದಾರೆ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಗೌಡ, ಬುಧವಂತ, ಕೋಲಕಾರ ಎಂಬ ಪದವಿಗಳುಳ್ಳ ಆಡಳಿತ ಕ್ರಮವಿದೆ. ಹವ್ಯಕರಲ್ಲಿ ಮಠದ ಸೀಮೆ ವ್ಯವಸ್ಥೆಯ ಗುರಿಕಾರರಿದ್ದಾರೆ. ಇವೆಲ್ಲ ನ್ಯಾಯತೀರ್ಮಾನ ಮಾಡುವ, ಹಬ್ಬಹರಿದಿನ ನಡೆಸುವ, ಕಟ್ಟಳೆ ಕಾಯುವ ಸಂಸ್ಥೆಗಳು. ಆದರೆ ಇವುಗಳಲ್ಲಿ ಯಾರೂ ‘ನಿಲ್ಲುವುದಿಲ್ಲ’. ಪದವಿ ಮನೆತನದಿಂದ ಬರುತ್ತದೆ, ಇಲ್ಲವೇ ಹಿರಿಯರ ಒಮ್ಮತದಿಂದ ಬರುತ್ತದೆ. ಪದವಿಯನ್ನು ತಾನಾಗಿ ಬಯಸುವುದು ಈ ವ್ಯವಸ್ಥೆಯಲ್ಲಿ ಅಗೌರವದ ನಡತೆ. ಈ ಮೌಲ್ಯವು ಇಂದಿನ ಉಮೇದುವಾರಿಕೆಯ ಭಾಷೆಯಲ್ಲೂ ಉಳಿದುಕೊಂಡಿದೆ ಎಂಬುದನ್ನು ಮುಂದೆ ಗಮನಿಸಬಹುದು.

ಕ್ರಿ.ಶ. 919 ಮತ್ತು 921ರ ಉತ್ತರಮೇರೂರಿನ ಚೋಳ ಶಾಸನಗಳನ್ನು ಇಲ್ಲಿ ಹೋಲಿಕೆಗೆ ತೆಗೆದುಕೊಳ್ಳಬಹುದು. ಅಲ್ಲಿ ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ ಎತ್ತುವ ಪದ್ಧತಿಯಿತ್ತು. ಅರ್ಹತೆಗೆ ತೆರಿಗೆ ಸಲ್ಲುವ ಭೂಮಿ, ಸ್ವಂತ ನಿವೇಶನದ ಮನೆ, ವಯಸ್ಸು, ವಿದ್ಯೆಗಳ ನಿಬಂಧನೆಗಳಿದ್ದವು. ಲೆಕ್ಕ ಒಪ್ಪಿಸದವನಷ್ಟೇ ಅಲ್ಲ, ಅವನ ಬಂಧುಗಳೂ ಅನರ್ಹರಾಗುತ್ತಿದ್ದರು. ಆಯ್ಕೆ ಚೀಟಿಗೆ ಬಿಟ್ಟದ್ದಾದುದರಿಂದ ಅಲ್ಲಿಯೂ ಮತಯಾಚನೆಗೆ ಅವಕಾಶವಿರಲಿಲ್ಲ. ‘ನನ್ನನ್ನು ಆರಿಸಿರಿ’ ಎಂದು ನೆರೆಮನೆಯವನ ಮುಂದೆ ಕೈಮುಗಿಯುವ ಸನ್ನಿವೇಶವನ್ನು ಆಧುನಿಕ ಕಾಯ್ದೆಗಳು ಸೃಷ್ಟಿಸಿದವು.

ಆಧುನಿಕ ಘಟ್ಟವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಉತ್ತರ ಕನ್ನಡವು 1862ರಲ್ಲಿ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1884ರ ಮುಂಬಯಿ ಲೋಕಲ್ ಬೋರ್ಡು ಕಾಯ್ದೆ, 1920 ಹಾಗೂ 1933ರ ಗ್ರಾಮಪಂಚಾಯತಿ ಕಾಯ್ದೆಗಳು ಇಲ್ಲಿಗೂ ಅನ್ವಯಿಸಿದವು. 1956ರ ಏಕೀಕರಣದ ಬಳಿಕ 1959ರ ಕಾಯ್ದೆ ಬಂದಿತು. 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳು ದೊರೆತವು. ಸಂವಿಧಾನದ 73ನೆಯ ತಿದ್ದುಪಡಿಯ ಅನ್ವಯ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ಜಾರಿಯಾಗಿ, ಮಹಿಳೆಯರ ಪಾಲು ಮೂರನೆಯ ಒಂದರಷ್ಟಾಯಿತು. 2010ರ ತಿದ್ದುಪಡಿಯಿಂದ ಅದು ಶೇ. 50ಕ್ಕೇರಿತು.

ಕಾಯ್ದೆಗಳಷ್ಟೇ ಮುಖ್ಯವಾದುದು ಭೂಸುಧಾರಣೆ. 1940ರ ದಶಕದಲ್ಲಿ ದಿನಕರ ದೇಸಾಯಿಯವರು ಜಿಲ್ಲೆಯ ಗೇಣಿದಾರ ರೈತರನ್ನು ಸಂಘಟಿಸಿದರು. ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಿಗೂ ಒಳಗಾದರು. 1974ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು. ಒಡೆಯನ ಅಂಗಳದಲ್ಲಿ ನಿಂತು ಮಾತನಾಡಬೇಕಾದವನು ಒಡೆಯನ ಎದುರಿಗೆ ಚುನಾವಣೆಗೆ ‘ನಿಲ್ಲಲು’ ಸಾಧ್ಯವಾದದ್ದು ಈ ಬದಲಾವಣೆಯ ನಂತರವೇ. ಒಂದೇ ಕ್ರಿಯಾಪದ ಎರಡು ಚರಿತ್ರೆಗಳನ್ನು ಹೊತ್ತಿರುವುದು ಗಮನಾರ್ಹ.

3. ಉಮೇದುವಾರ, ಅಭ್ಯರ್ಥಿ, ಹುರಿಯಾಳು

ಸ್ಪರ್ಧಿಸುವ ವ್ಯಕ್ತಿಗೆ ಕನ್ನಡದಲ್ಲಿ ಮೂರು ಪದಗಳು ಪ್ರಚಲಿತವಾಗಿವೆ. ‘ಉಮೇದುವಾರ’ ಎಂಬುದು ಪಾರಸಿ ಮೂಲದ್ದು. ‘ಆಸೆಯುಳ್ಳವನು’ ಎಂಬುದು ಅದರ ಅರ್ಥ. ಮುಂಬಯಿ ಪ್ರಾಂತದ ಮರಾಠಿ ಕಚೇರಿಭಾಷೆಯ ಮೂಲಕ ಅದು ಈ ಜಿಲ್ಲೆಯಲ್ಲಿ ನೆಲೆಯೂರಿತು. ನೌಕರಿಯ ನಿರೀಕ್ಷೆಯಲ್ಲಿ ಕಚೇರಿಗಳಲ್ಲಿ ಕೆಲಸ ಕಲಿಯುತ್ತಿದ್ದವನನ್ನೂ ಆ ಕಾಲದಲ್ಲಿ ಉಮೇದುವಾರನೆಂದೇ ಕರೆಯುತ್ತಿದ್ದರು. ‘ಉಮೇದು’ ಎಂದರೆ ಹುರುಪು ಎಂಬ ಅರ್ಥ ಆಡುನುಡಿಯಲ್ಲಿ ಈಗಲೂ ಜೀವಂತವಾಗಿದೆ. ‘ಅಭ್ಯರ್ಥಿ’ ಸಂಸ್ಕೃತ ಪದ. ಬೇಡುವವನು ಎಂಬುದು ಅದರ ಧಾತ್ವರ್ಥ. ಪತ್ರಿಕೆಗಳು ಬಳಸುವ ‘ಹುರಿಯಾಳು’ ಯುದ್ಧದ ಪರಿಭಾಷೆಯಿಂದ ಬಂದದ್ದು. ಹೀಗೆ ಒಬ್ಬನೇ ವ್ಯಕ್ತಿ ಒಂದು ಪದದಲ್ಲಿ ಆಸೆಗಾರ, ಇನ್ನೊಂದರಲ್ಲಿ ಯಾಚಕ, ಮತ್ತೊಂದರಲ್ಲಿ ಯೋಧ.

ಸಣ್ಣ ಊರಿನ ಸನ್ನಿವೇಶದಲ್ಲಿ ಈ ಮೂರೂ ತೊಡಕಿನವು. ಆಸೆಯನ್ನು ಬಾಯಿಬಿಟ್ಟು ಹೇಳುವುದು ಸಲ್ಲದು. ಸಮಾನನಾದ ನೆರೆಯವನ ಮುಂದೆ ಬೇಡುವುದು ಮುಜುಗರದ ಸಂಗತಿ. ಎದುರಾಳಿ ದಾಯಾದಿಯೋ ದೋಣಿಯ ಪಾಲುಗಾರನೋ ಆಗಿರುವಾಗ ಯುದ್ಧ ಹೂಡುವುದು ದುಬಾರಿ. ಬಹುಶಃ ಆದ್ದರಿಂದಲೇ ಊರಿನ ಮಾತು ಈ ಮೂರು ನಾಮಪದಗಳನ್ನೂ ಬದಿಗಿರಿಸಿ ಒಂದು ಸರಳ ಕ್ರಿಯಾಪದವನ್ನು ಆಶ್ರಯಿಸಿದೆ: ‘ನಿಲ್ಲು’. ಗೆದ್ದ ಮೇಲೆ ಮಾತ್ರ ಒಂದು ನಾಮಪದ ದೊರೆಯುತ್ತದೆ. ಕಾಯ್ದೆಯಲ್ಲಿ ಅದು ‘ಸದಸ್ಯ’, ಊರಿನಲ್ಲಿ ‘ಮೆಂಬರು’.

4. ಪ್ರೇರಣಾರ್ಥಕದ ರಾಜಕಾರಣ

‘ಇಸು’ ಪ್ರತ್ಯಯ ಸೇರಿದಾಗ ಧಾತು ಪ್ರೇರಣಾರ್ಥಕವಾಗುತ್ತದೆಂದು ಕನ್ನಡ ವ್ಯಾಕರಣ ಹೇಳುತ್ತದೆ. ಆಗ ಕ್ರಿಯೆಯನ್ನು ಮಾಡುವವನು ಬೇರೆ, ಮಾಡಿಸುವವನು ಬೇರೆ. ಮೊದಲನೆಯವನು ಪ್ರೇರಿತ ಕರ್ತೃ, ಎರಡನೆಯವನು ಪ್ರೇರಕ ಕರ್ತೃ. ‘ಅವಳು ನಿಂತಳು’ ಎಂಬ ವಾಕ್ಯದ ಕರ್ತೃಪದ ‘ಅವಳು’. ‘ಅವಳನ್ನು ನಿಲ್ಲಿಸಿದರು’ ಎಂಬ ವಾಕ್ಯದಲ್ಲಿ ಅವಳು ಕರ್ಮಸ್ಥಾನಕ್ಕೆ ಸರಿಯುತ್ತಾಳೆ. ಪ್ರೇರಕ ಕರ್ತೃವಿಗೆ ಹೆಸರೂ ಬೇಕಿಲ್ಲ. ‘-ಅರು’ ಎಂಬ ಬಹುವಚನ ಪ್ರತ್ಯಯವೊಂದೇ ಸಾಕು. ‘ನಿಲ್ಲಿಸಿದರು’ ಎಂದಾಗ ನಿಲ್ಲಿಸಿದವರು ಯಾರೆಂದು ಊರಿನಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಈ ರೂಪದ ಬಳಕೆ ಮಹಿಳೆ, ದಲಿತ ಹಾಗೂ ಬುಡಕಟ್ಟು ಉಮೇದುವಾರರ ವಿಷಯದಲ್ಲಿ ಹೆಚ್ಚು. ಕಾರಣ ಮೀಸಲಾತಿಯ ಸ್ವರೂಪದಲ್ಲೇ ಇದೆ. ಒಂದು ವಾರ್ಡಿನ ಸ್ಥಾನ ಮಹಿಳೆಗೋ ಪರಿಶಿಷ್ಟ ಜಾತಿಗೋ ಪಂಗಡಕ್ಕೋ ಹಿಂದುಳಿದ ‘ಅ’ ಅಥವಾ ‘ಬ’ ವರ್ಗಕ್ಕೋ ನಿಗದಿಯಾದೊಡನೆ, ಆವರೆಗೆ ಆ ಸ್ಥಾನದಲ್ಲಿದ್ದವರು ತಮ್ಮ ಬದಲಿಗೆ ಒಬ್ಬರನ್ನು ಹುಡುಕತೊಡಗುತ್ತಾರೆ. ಹುಡುಕಾಟ ಮೊದಲು ತಮ್ಮ ಮನೆಯೊಳಗೆ, ಬಳಿಕ ತಮ್ಮ ತೋಟದ ಕೆಲಸಕ್ಕೆ ಬರುವವರ ಕೇರಿಯಲ್ಲಿ ನಡೆಯುತ್ತದೆ. ಮೀಸಲಾತಿ ಆವರ್ತನೆಯದಾದ್ದರಿಂದ ಮುಂದಿನ ಅವಧಿಗೆ ಆ ಸ್ಥಾನ ಬೇರೆ ವರ್ಗಕ್ಕೆ ಹೋಗಬಹುದು. ಐದು ವರ್ಷ ಕಲಿತ ಕೆಲಸವನ್ನು ಮುಂದುವರಿಸುವ ಅವಕಾಶ ನಿಲ್ಲಿಸಲ್ಪಟ್ಟವಳಿಗೆ ಸಿಗದಿರುವುದೇ ಹೆಚ್ಚು.

ಪ್ರೇರಣಾರ್ಥಕದ ಇನ್ನೊಂದು ಮುಖ ‘ವಾಪಸು ತೆಗೆಸು’. ನಾಮಪತ್ರ ಹಿಂಪಡೆಯುವ ಕೊನೆಯ ದಿನದವರೆಗೆ ನಡೆಯುವ ಮಾತುಕತೆಯ ಫಲವನ್ನು ಕಾಯ್ದೆ ‘ಅವಿರೋಧ ಆಯ್ಕೆ’ ಎಂದು ಕರೆಯುತ್ತದೆ. ವಿರೋಧವೇ ಇರಲಿಲ್ಲವೋ, ವಿರೋಧಕ್ಕೆ ಅವಕಾಶವಿರಲಿಲ್ಲವೋ ಎಂಬುದನ್ನು ‘ಅವಿರೋಧ’ ಎಂಬ ಪದ ತಿಳಿಸುವುದಿಲ್ಲ. ಭಟ್ಕಳದಲ್ಲಿ 1912ರಲ್ಲಿ ಸ್ಥಾಪಿತವಾದ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ಸಂಸ್ಥೆಯು ಚುನಾವಣೆಗಳಲ್ಲಿ ಯಾರಿಗೆ ಬೆಂಬಲವೆಂಬುದನ್ನು ಮುಂಚಿತವಾಗಿ ತೀರ್ಮಾನಿಸುವುದು ಬಹಿರಂಗ ಸಂಗತಿ. ಇದನ್ನು ಒಂದು ಸಮುದಾಯದ ವಿಶೇಷವೆಂದು ತಿಳಿಯುವುದು ಸರಿಯಾಗಲಾರದು. ಲಿಖಿತ ನಿಯಮಗಳುಳ್ಳ ಸಂಸ್ಥೆಯ ತೀರ್ಮಾನ ಕಣ್ಣಿಗೆ ಬೀಳುತ್ತದೆ. ದೇವಸ್ಥಾನದ ಚಾವಡಿಯಲ್ಲಿ, ಬಂದರಿನ ಮೀನುಗಾರರ ಕೂಟದಲ್ಲಿ, ಮನೆತನದ ಜಗಲಿಯಲ್ಲಿ ಆಗುವ ತೀರ್ಮಾನ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ. ಒಮ್ಮತದ ಪರವಾಗಿಯೂ ವಾದವಿದೆ: ಖರ್ಚು ಉಳಿಯುತ್ತದೆ, ಸಣ್ಣ ಸಮುದಾಯದ ಮತ ಒಡೆಯುವುದಿಲ್ಲ, ನೆಂಟಸ್ತಿಕೆ ಕೆಡುವುದಿಲ್ಲ. 1993ರ ಕೋಮುಗಲಭೆಗಳ ನೆನಪಿರುವ ಭಟ್ಕಳದಂಥ ಊರಿನಲ್ಲಿ ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಒಮ್ಮತಕ್ಕೆ ಕುಳಿತವರಲ್ಲಿ ಹೆಂಗಸರು ಎಷ್ಟು ಜನ, ಕೇರಿಯ ಕೊನೆಯ ಮನೆಯವರು ಎಷ್ಟು ಜನ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಹಾಗೆಂದು ಪ್ರೇರಣಾರ್ಥಕವೆಲ್ಲ ಅಧೀನತೆಯ ಸೂಚಕವಲ್ಲ. ಕರಪತ್ರಗಳಲ್ಲಿ ಕಾಣುವ ‘ಗೆಲ್ಲಿಸಿರಿ’ ಎಂಬ ರೂಪವೂ ಪ್ರೇರಣಾರ್ಥಕವೇ. ಇಲ್ಲಿ ಪ್ರೇರಕ ಕರ್ತೃವಿನ ಸ್ಥಾನಕ್ಕೆ ಮತದಾರ ಬರುತ್ತಾನೆ. ‘ನಿಲ್ಲಿಸು’ ಎಂಬಲ್ಲಿ ಕೆಲವರು ಹಿರಿಯರಿದ್ದರೆ ‘ಗೆಲ್ಲಿಸು’ ಎಂಬಲ್ಲಿ ಇಡೀ ವಾರ್ಡು ಇದೆ. ನಿಲ್ಲಿಸಿದವರೇ ಗೆಲ್ಲಿಸಿದವರೂ ಆಗಿದ್ದರೆ ಸದಸ್ಯೆ ಅವರಿಗೆ ಮಾತ್ರ ಋಣಿ. ಗೆಲ್ಲಿಸಿದವರು ಬೇರೆಯಾಗಿದ್ದರೆ ಆಕೆಗೆ ನಿಲ್ಲಿಸಿದವರಿಂದ ಬಿಡಿಸಿಕೊಳ್ಳುವ ದಾರಿಯೊಂದು ತೆರೆದುಕೊಳ್ಳುತ್ತದೆ. ಪ್ರಾತಿನಿಧ್ಯದ ಪ್ರಶ್ನೆ ಈ ಎರಡು ‘ಇಸು’ಗಳ ನಡುವಿನ ಅಂತರದಲ್ಲಿದೆ.

ಲಿಖಿತ ಕನ್ನಡ ಈ ಅಂತರವನ್ನು ಮುಚ್ಚುತ್ತದೆ. ಪತ್ರಿಕಾ ವರದಿಯ ‘ಸ್ಪರ್ಧಿಸಿದ್ದಾರೆ’ ಎಂಬ ರೂಪದಲ್ಲಿರುವ ‘ಇಸು’ ಪ್ರೇರಣಾರ್ಥಕವಲ್ಲ. ಸಂಸ್ಕೃತ ನಾಮಪದವನ್ನು ಕನ್ನಡದ ಧಾತುವನ್ನಾಗಿಸುವ ಪ್ರತ್ಯಯ. ಅಲ್ಲಿ ನಿಂತವಳೂ ನಿಲ್ಲಿಸಲ್ಪಟ್ಟವಳೂ ಒಂದೇ ರೀತಿ ‘ಸ್ಪರ್ಧಿಸಿದ್ದಾರೆ’. ಆಡುಮಾತು ತೋರಿಸುವ ಪ್ರೇರಕ ಕರ್ತೃವನ್ನು ಬರಹದ ಭಾಷೆ ಅಳಿಸಿಹಾಕುತ್ತದೆ.

5. ಮತಪತ್ರದಲ್ಲಿ ಹೆಸರು

ಮುಂಬಯಿ ಪ್ರಾಂತದ ರೂಢಿಯಂತೆ ಈ ಜಿಲ್ಲೆಯಲ್ಲಿ ಪೂರ್ಣ ಹೆಸರೆಂದರೆ ವ್ಯಕ್ತಿಯ ಹೆಸರು, ತಂದೆಯ ಹೆಸರು ಮತ್ತು ಅಡ್ಡಹೆಸರು. ವಿವಾಹಿತ ಮಹಿಳೆಯ ಹೆಸರಿನ ನಡುವೆ ತಂದೆಯ ಬದಲು ಗಂಡನ ಹೆಸರು ಬರುತ್ತದೆ. ಹೀಗಾಗಿ ಮಹಿಳಾ ಮೀಸಲು ಸ್ಥಾನದ ಮತಪತ್ರದಲ್ಲೂ ಗಂಡಸರ ಹೆಸರುಗಳು ಸಾಲಾಗಿ ಕಾಣುತ್ತವೆ. ಹಿಂದೆ ಸದಸ್ಯನಾಗಿದ್ದವನ ಹೆಸರು ಮೀಸಲಾತಿ ಬದಲಾದ ಬಳಿಕವೂ ಹೆಂಡತಿಯ ಹೆಸರಿನ ಮಧ್ಯಪದವಾಗಿ ಮತದಾರನ ಕಣ್ಣ ಮುಂದೆ ಉಳಿಯುತ್ತದೆ. ಇದು ಕಾಯ್ದೆಯ ದೋಷವಲ್ಲ, ನಾಮಕರಣ ಪದ್ಧತಿಯ ಫಲ. ಆದರೆ ಪರಿಣಾಮ ರಾಜಕೀಯವಾದದ್ದು. ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ ನಗಿರೆ ರಾಜ್ಯವನ್ನಾಳಿದ, ಪೋರ್ತುಗೀಜರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯನ್ನು ಚರಿತ್ರೆ ಅವಳ ಸ್ವಂತ ಹೆಸರಿನಿಂದಲೇ ನೆನೆಯುತ್ತದೆ. ಅದೇ ಹೊನ್ನಾವರ ಸೀಮೆಯ ಪಂಚಾಯತಿ ಸದಸ್ಯೆಯ ಹೆಸರಿಗೆ ನಡುವೆ ಒಂದು ಊರುಗೋಲು ಬೇಕಾಗಿರುವುದು ವಿಪರ್ಯಾಸ.

ಅಡ್ಡಹೆಸರು ಇಲ್ಲಿ ಬಹುಮಟ್ಟಿಗೆ ಸಮುದಾಯದ ಹೆಸರೂ ಹೌದು. ನಾಯ್ಕ, ಗೌಡ, ಹೆಗಡೆ, ಮೊಗೇರ, ಖಾರ್ವಿ, ಪಟಗಾರ, ಮುಕ್ರಿ, ಗೊಂಡ ಎಂದು ಓದಿದೊಡನೆ ಕೇರಿ ತಿಳಿಯುತ್ತದೆ. ಆದರೆ ‘ಗೌಡ’ ಎಂಬ ಒಂದೇ ಅಡ್ಡಹೆಸರು ಒಂದಕ್ಕಿಂತ ಹೆಚ್ಚು ಸಮುದಾಯಗಳಲ್ಲಿರುವುದರಿಂದ ಹೊರಗಿನವರಿಗೆ ಗೊಂದಲವಾಗಬಹುದು, ಊರಿನವರಿಗೆ ಆಗುವುದಿಲ್ಲ. ಹೆಸರು ಮತ್ತು ಮೀಸಲಾತಿಯ ಸಂಬಂಧದ ತೀವ್ರ ಉದಾಹರಣೆ ಮೊಗೇರರದು. ಪರಿಶಿಷ್ಟರ ಪಟ್ಟಿಗೆ ಇದ್ದ ಪ್ರಾದೇಶಿಕ ನಿರ್ಬಂಧವನ್ನು 1976ರ ತಿದ್ದುಪಡಿ ತೆಗೆದುಹಾಕಿದ ಬಳಿಕ, ಭಟ್ಕಳ ಭಾಗದ ಮೀನುಗಾರ ಮೊಗೇರರು ಪಟ್ಟಿಯಲ್ಲಿರುವ ‘ಮೊಗೇರ’ ತಾವೇ ಹೌದೆಂದು ವಾದಿಸಿದರು. ಇತರ ಪರಿಶಿಷ್ಟ ಸಮುದಾಯಗಳು ಅದನ್ನು ಪ್ರಶ್ನಿಸಿದವು. 2022ರಲ್ಲಿ ಭಟ್ಕಳದಲ್ಲಿ ಇದೇ ಬೇಡಿಕೆಯ ಮೇಲೆ ದೀರ್ಘ ಧರಣಿ ನಡೆಯಿತು. ಒಂದು ಪದದ ಅರ್ಥವ್ಯಾಪ್ತಿ ಯಾರು ಯಾವ ಸ್ಥಾನಕ್ಕೆ ನಿಲ್ಲಬಹುದೆಂಬುದನ್ನೂ ನಿರ್ಧರಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

6. ‘ಬೆಂಬಲಿತ’ ಎಂಬ ಸೇತುವೆ

ಪುರಸಭೆ ಮತ್ತು ಪಟ್ಟಣ ಪಂಚಾಯತಿಗಳಲ್ಲಿ ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧಿಸಬಹುದು; ಗ್ರಾಮ ಪಂಚಾಯತಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಅಲ್ಲಿ ಆಟೋರಿಕ್ಷಾ, ಗ್ಯಾಸ್ ಸಿಲಿಂಡರ್, ಹೊಲಿಗೆ ಯಂತ್ರದಂಥ ಮುಕ್ತ ಚಿಹ್ನೆಗಳು ಹಂಚಿಕೆಯಾಗುತ್ತವೆ. ಆದರೆ ಪಕ್ಷಗಳು ಗೈರುಹಾಜರಾಗಿಲ್ಲ. ಈ ವೈರುಧ್ಯವನ್ನು ನಿಭಾಯಿಸಲು ಪತ್ರಿಕಾ ಕನ್ನಡ ರೂಪಿಸಿಕೊಂಡ ಪದ ‘ಬೆಂಬಲಿತ’. ಕನ್ನಡದ ‘ಬೆಂಬಲ’ಕ್ಕೆ ಸಂಸ್ಕೃತದ ‘ಇತ’ ಪ್ರತ್ಯಯ ಹತ್ತಿಸಿದ ಈ ಮಿಶ್ರರೂಪ, ಕಾಯ್ದೆ ಇಲ್ಲವೆನ್ನುವುದನ್ನು ಉಲ್ಲಂಘಿಸದೆಯೇ ಊರಿನಲ್ಲಿ ಇರುವುದನ್ನು ಹೇಳುತ್ತದೆ. 2020ರ ಡಿಸೆಂಬರ್ ತಿಂಗಳ ಗ್ರಾಮ ಪಂಚಾಯತಿ ಚುನಾವಣೆಯ ಫಲಿತಾಂಶಗಳನ್ನು ಪಕ್ಷಗಳು ಎಣಿಸಿಕೊಂಡದ್ದು ಈ ಪದದ ನೆರವಿನಿಂದಲೇ.

ಪಕ್ಷಾತೀತ ಉಮೇದುವಾರಿಕೆಯ ಆದರ್ಶಕ್ಕೆ ಈ ಜಿಲ್ಲೆಯ ಸಾಹಿತ್ಯವಲಯದಲ್ಲೂ ನೆನಪುಗಳಿವೆ. ದಿನಕರ ದೇಸಾಯಿಯವರು 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರ ವಿರೋಧದ ಹಿನ್ನೆಲೆಯಲ್ಲಿ ಇದೇ ಕ್ಷೇತ್ರದಿಂದ ಸ್ಪರ್ಧಿಸಿ ಸೋತರು. ಲೇಖಕ ಲೋಕಸಭೆಗೆ ನಿಂತಾಗ ಸೋಲೂ ಒಂದು ಹೇಳಿಕೆಯಾಗುತ್ತದೆ. ಪಂಚಾಯತಿಗೆ ನಿಂತವರಿಗೆ ಆ ಸವಲತ್ತಿಲ್ಲ. ಸೋತ ಮರುದಿನವೂ ಅದೇ ಬಾವಿ, ಅದೇ ಅಂಗಡಿ, ಅದೇ ಮೀನುಪೇಟೆ.

7. ಮನೆ ತಿರುಗುವುದು

1993ರ ಅಧಿನಿಯಮ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯನೆಂದು ಲೆಕ್ಕ ಹಾಕಿತು. ಒಂದು ವಾರ್ಡಿಗೆ ಹಲವು ಸದಸ್ಯರಿರುವುದೂ ಉಂಟು. ಆಗ ಮತದಾರನಿಗೂ ಅಷ್ಟು ಮತಗಳಿರುತ್ತವೆ. ಪಟ್ಟಣಗಳೂ ದೊಡ್ಡವಲ್ಲ. 2011ರ ಜನಗಣತಿಯಂತೆ ಭಟ್ಕಳ ಪಟ್ಟಣದಲ್ಲಿ ಸುಮಾರು 32 ಸಾವಿರ, ಕುಮಟಾದಲ್ಲಿ ಸುಮಾರು 29 ಸಾವಿರ, ಹೊನ್ನಾವರದಲ್ಲಿ ಸುಮಾರು 19 ಸಾವಿರ ಜನರಿದ್ದರು. 23 ವಾರ್ಡುಗಳ ಭಟ್ಕಳ ಪುರಸಭೆಯಲ್ಲಿ ಒಂದು ವಾರ್ಡಿಗೆ ಸರಾಸರಿ 1,400 ಜನರಂತಾಯಿತು. ಇಷ್ಟು ಸಣ್ಣ ಪ್ರಮಾಣದಲ್ಲಿ ಗುಪ್ತಮತದಾನ ಕಾಯ್ದೆಯಲ್ಲಿ ಉಳಿದರೂ ಲೆಕ್ಕಾಚಾರದಲ್ಲಿ ಉಳಿಯುವುದು ಕಷ್ಟ. ಉಮೇದುವಾರ ಮನೆಮನೆಯ ಮತಗಳನ್ನು ಎಣಿಸಿಟ್ಟಿರುತ್ತಾನೆ. ಎಣಿಕೆಯ ದಿನ ಯಾವ ಮನೆ ಕೈಬಿಟ್ಟಿತೆಂದು ಊಹಿಸುತ್ತಾನೆ. ಆ ಊಹೆ ತಪ್ಪಾಗಿದ್ದರೂ ಅದರ ಫಲ ನಿಜ.

ಆದ್ದರಿಂದ ಮನೆ ತಿರುಗುವಾಗಿನ ಮಾತು ಬಹಳ ಎಚ್ಚರದ್ದು. ಬಂದವರಿಗೆ ಆಸರಿಗೆ ಕೊಟ್ಟು ಕವಳದ ತಟ್ಟೆ ಮುಂದಿಡುವುದು ಯಾವ ಉಮೇದುವಾರನಿಗೂ ತಪ್ಪದ ಉಪಚಾರ; ಅದು ಮತದ ಭರವಸೆಯಲ್ಲ. ‘ನೋಡ್ವ’ ಎಂಬ ಉತ್ತರ ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅಕ್ಕ, ಮಾವ, ಭಾವ ಎಂಬ ಸಂಬಂಧವಾಚಕಗಳು ಈ ದಿನಗಳಲ್ಲಿ ಕೇರಿಯ ಮೇರೆ ದಾಟಿ ಬಳಕೆಯಾಗುತ್ತವೆ. ಬೇರೆ ದಿನಗಳಲ್ಲಿ ಏಕವಚನದಲ್ಲಿ ಕರೆಸಿಕೊಳ್ಳುವ ಕೂಲಿಯವಳಿಗೆ ಬಹುವಚನ ಸಲ್ಲುವುದೂ ಆಗಲೇ. ಇದನ್ನು ಕೇವಲ ತೋರಿಕೆಯೆಂದು ಕಡೆಗಣಿಸಲಾಗದು. ಒಮ್ಮೆ ಬಹುವಚನದಲ್ಲಿ ಕರೆಸಿಕೊಂಡವಳು ಮುಂದಿನ ಬಾರಿ ಅದನ್ನು ನಿರೀಕ್ಷಿಸುತ್ತಾಳೆ.

ಭಾಷೆಗಳ ದಾಟುವಿಕೆಯೂ ಗಮನಾರ್ಹ. ಬಂದರಿನ ಖಾರ್ವಿ ಮನೆಗಳಲ್ಲಿ ಕೊಂಕಣಿ, ನವಾಯತ ಮನೆಗಳಲ್ಲಿ ನವಾಯತಿ, ಹವ್ಯಕರ ಜಗಲಿಯಲ್ಲಿ ಅವರ ಕನ್ನಡ. ಮಾತಿನಲ್ಲಿ ಸಹಜವಾಗಿ ನಡೆಯುವ ಈ ಬಹುಭಾಷಿಕತೆ ಬರಹಕ್ಕಿಳಿದಾಗ ವಿವಾದವಾಗುತ್ತದೆ. 2022ರ ಜೂನ್ ತಿಂಗಳಲ್ಲಿ ಭಟ್ಕಳ ಪುರಸಭೆಯ ಕಟ್ಟಡದ ನಾಮಫಲಕದಲ್ಲಿ ಉರ್ದುವನ್ನೂ ಬರೆಸಿದಾಗ ಪ್ರತಿಭಟನೆ ನಡೆದು ಆ ಅಕ್ಷರಗಳನ್ನು ತೆಗೆಯಬೇಕಾಯಿತು. ಮತ ಕೇಳುವಾಗ ಎಲ್ಲ ಭಾಷೆಗಳೂ ಸಲ್ಲುತ್ತವೆ. ಗೆದ್ದ ಬಳಿಕ ಕಟ್ಟಡದ ಮೇಲೆ ಯಾವುದಿರಬೇಕೆಂಬುದು ಬೇರೆಯದೇ ಪ್ರಶ್ನೆ.

ಕೇಳುವ ವಿಷಯಗಳಾದರೋ ನಿರ್ದಿಷ್ಟ. ಕಾಲುಸಂಕ, ಬೇಸಿಗೆಯಲ್ಲಿ ಉಪ್ಪಾಗುವ ಬಾವಿ, ಅರಣ್ಯ ಅತಿಕ್ರಮಣದ ಜಾಗದಲ್ಲಿರುವ ಮನೆಗೆ ದೊರೆಯದ ಪಂಚಾಯತಿ ದಾಖಲೆ, ಕಡಲುಕೊರೆತ. ಇವುಗಳಲ್ಲಿ ಹಲವು ಪಂಚಾಯತಿಯ ಅಧಿಕಾರದ ಹೊರಗಿನವು. ಕಾಸರಕೋಡ ಟೊಂಕದ ಖಾಸಗಿ ಬಂದರು ಯೋಜನೆಯನ್ನು ಅಲ್ಲಿನ ಮೀನುಗಾರರು ವಿರೋಧಿಸಿ ಹೋರಾಡಿದಾಗ, ಊರಿನ ಮೆಂಬರು ಮಾಡಬಹುದಾದದ್ದು ಎಷ್ಟು ಕಡಿಮೆಯೆಂಬುದೂ ಗೋಚರವಾಯಿತು. ಆದರೂ ಮತದಾರ ಕೇಳುವುದು ಮೆಂಬರನನ್ನೇ; ಏಕೆಂದರೆ ಬಾಗಿಲಿಗೆ ಬಂದು ನಿಂತವನು ಅವನೊಬ್ಬನೇ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಪದವಿಯನ್ನು ಬಯಸಬಾರದೆಂಬ ಹಳೆಯ ಕೂಟಗಳ ಮೌಲ್ಯ ಹಾಗೂ ಬಯಸಿ ಅರ್ಜಿ ಹಾಕಬೇಕೆಂಬ ಕಾಯ್ದೆಯ ಅಗತ್ಯಗಳ ನಡುವಿನ ಘರ್ಷಣೆಯನ್ನು ‘ನಿಲ್ಲಿಸಿದರು’ ಎಂಬ ರೂಪ ಪರಿಹರಿಸುತ್ತದೆ. ಗಂಡಸು ಇದನ್ನು ವಿನಯದ ಮಾತಾಗಿ ಬಳಸಬಲ್ಲ; ಮಹಿಳೆ ಮತ್ತು ದಲಿತ ಉಮೇದುವಾರರ ವಿಷಯದಲ್ಲಿ ಅದೇ ರೂಪ ಹಲವು ಸಲ ವಸ್ತುಸ್ಥಿತಿಯ ವರದಿಯಾಗಿರುತ್ತದೆ. ಎರಡನೆಯದಾಗಿ, ಕಾಯ್ದೆ ಮತ್ತು ಪತ್ರಿಕೆಗಳ ಲಿಖಿತ ಕನ್ನಡ ಪ್ರೇರಕ ಕರ್ತೃವನ್ನು ಮರೆಮಾಡಿದರೆ ಆಡುಮಾತು ಬಯಲುಮಾಡುತ್ತದೆ. ಸ್ಥಳೀಯ ಪ್ರಜಾಪ್ರಭುತ್ವವನ್ನು ವರದಿ ಮತ್ತು ಅಂಕಿಅಂಶಗಳಿಂದಷ್ಟೇ ಅಳೆಯುವವರಿಗೆ ಕಾಣದ ಸಂಗತಿ ಇದು. ಮೂರನೆಯದಾಗಿ, ಮೀಸಲಾತಿಯು ಸ್ಥಾನವನ್ನು ಕೊಟ್ಟರೂ ಕರ್ತೃತ್ವವನ್ನು ಒಂದೇ ಅವಧಿಯಲ್ಲಿ ಕೊಡಲಾರದು. ಆದರೆ ಸ್ಥಾನವಿಲ್ಲದೆ ಕರ್ತೃತ್ವದ ಪ್ರಶ್ನೆಯೇ ಏಳುವುದಿಲ್ಲ.

1987ರಲ್ಲಿ ಮಂಡಲ ಪಂಚಾಯತಿಗೆ ಬಂದ ಹೆಂಗಸರಿಗೆ ಮಾದರಿಗಳಿರಲಿಲ್ಲ. ಇಂದು ಮಾಜಿ ಸದಸ್ಯೆಯರಿಲ್ಲದ ಪಂಚಾಯತಿಯಿಲ್ಲ. ಭಟ್ಕಳದ ಪುರಸಭೆಗೆ ಮುಸ್ಲಿಂ ಮಹಿಳೆಯರೂ ಬಂದಿದ್ದಾರೆ. ಗ್ರಾಮಸಭೆಯ ನಡಾವಳಿಗೆ ಸಹಿ ಮಾಡಿದ, ಬಿಲ್ಲು ಏಕೆ ತಡವಾಯಿತೆಂದು ಕೇಳಿದ ಅನುಭವ ಅವರ ಬಳಿಯಿದೆ. ಮೀಸಲಾತಿ ಬದಲಾದ ಬಳಿಕ ಸಾಮಾನ್ಯ ಸ್ಥಾನಕ್ಕೆ ಅವರಲ್ಲೊಬ್ಬಳು ನಾಮಪತ್ರ ಸಲ್ಲಿಸಿದರೆ ಊರು ಯಾವ ಕ್ರಿಯಾರೂಪವನ್ನು ಬಳಸುತ್ತದೆಂಬುದನ್ನು ಭಾಷಾವಿದ್ಯಾರ್ಥಿಗಳು ಗಮನಿಸಬೇಕಾಗಿದೆ. ‘ನಿಂತಿದ್ದಾಳೆ’ ಎಂಬ ಮಾತಿನಲ್ಲಿ ಆರಂಭಕ್ಕೆ ಮೆಚ್ಚುಗೆಗಿಂತ ಕುಹಕವೇ ಹೆಚ್ಚಿರಬಹುದು. ಆದರೂ ಆ ವಾಕ್ಯದ ಕರ್ತೃ ಅವಳೇ.